ಬಾವಿಯ ತಳದ ಕಣ್ಣಿಲ್ಲದ ಮೀನು



ಈ ದಿನ ನಾವು ಮಾತನಾಡಲಿರುವುದು ಒಂದು ಮೀನಿನ ವಿಷಯ. ಮಠದ ಪೀಠದ ಮೇಲೆ ಕುಳಿತು ಮೀನಿನ ಮಾತೇ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ನಮಗೆ ಕಾಣುತ್ತಿದೆ. ನಗಿರಿ, ಅಡ್ಡಿಯಿಲ್ಲ. ಇದು ತಿನ್ನುವವರ ಮೀನೂ ಅಲ್ಲ. ಹಿಡಿದರೆ ಅರ್ಧ ತುತ್ತಿಗೂ ಸಾಲದು; ಬೆಳೆದರೂ ಮೂರು ನಾಲ್ಕು ಸೆಂಟಿಮೀಟರು, ನಿಮ್ಮ ಕಿರುಬೆರಳಿಗಿಂತ ಚಿಕ್ಕದು. ಮೈಗೆ ಬಣ್ಣವಿಲ್ಲ. ಚರ್ಮ ಎಷ್ಟು ತೆಳುವೆಂದರೆ ಒಳಗಿನ ರಕ್ತವೇ ಹೊರಗೆ ಕಂಡು ಮೀನು ಕೆಂಪಾಗಿ ತೋರುತ್ತದೆ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ಕಣ್ಣು ಇಲ್ಲ. ಮಂಜಾದ ಕಣ್ಣು, ಮುಚ್ಚಿದ ಕಣ್ಣು ಎಂದು ತಿಳಿಯಬೇಡಿರಿ, ಕಣ್ಣೇ ಇಲ್ಲ. ಇದು ಇರುವುದು ಕೇರಳದಲ್ಲಿ, ಮನೆಗಳ ಹಿತ್ತಲಿನ ಬಾವಿಗಳ ಕೆಳಗೆ, ಕಲ್ಲಿನೊಳಗಿನ ನೀರಿನಲ್ಲಿ.

ಇದರ ಶಾಸ್ತ್ರೀಯ ನಾಮ ಹೋರಾಗ್ಲಾನಿಸ್. ಸುಂದರಲಾಲ್ ಹೋರಾ ಎಂಬ ಮತ್ಸ್ಯಶಾಸ್ತ್ರಜ್ಞರು ನಮ್ಮ ದೇಶದವರೇ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರ ಹೆಸರಿಗೆ, ಮೀಸೆಮೀನಿಗೆ ಗ್ರೀಕರು ಹೇಳುತ್ತಿದ್ದ ಗ್ಲಾನಿಸ್ ಎಂಬ ಮಾತನ್ನು ಸೇರಿಸಿದ್ದಾರೆ. ಕೊಟ್ಟಾಯಂನ ಬಾವಿಯಲ್ಲಿ ಸಿಕ್ಕಿದ ಮೀನನ್ನು 1950ರಲ್ಲಿ ಎ.ಜಿ.ಕೆ. ಮೆನನ್ ಎಂಬ ವಿದ್ವಾಂಸರು ಮೊದಲು ವರ್ಣಿಸಿದರು. ಆ ಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕುಲದಲ್ಲಿ ಎರಡನೆಯದೊಂದು ಪ್ರಭೇದ ಯಾರಿಗೂ ತಿಳಿಯಲಿಲ್ಲ. 2004ರಲ್ಲಿ ಎರಡನೆಯದು, 2012ರಲ್ಲಿ ಮೂರನೆಯದು ತ್ರಿಶ್ಶೂರು ಜಿಲ್ಲೆಯಲ್ಲಿ ಗೊತ್ತಾದವು. ಮೂರನೆಯದಕ್ಕೆ ನಮ್ಮ ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಂ ಅವರ ಹೆಸರಿಟ್ಟಿದ್ದಾರೆ. ನಾಲ್ಕನೆಯದರ ಹೆಸರನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತೇವೆ. ಅದರಲ್ಲಿ ಒಂದು ಸ್ವಾರಸ್ಯವಿದೆ.

ನಾವು ಕಲಿತದ್ದು ವ್ಯಾಕರಣ, ಅದರ ಮೇಲೆ ಒಂದಿಷ್ಟು ತರ್ಕ. ಮೀನಿನ ಶಾಸ್ತ್ರ ನಮ್ಮದಲ್ಲ. ಶ್ರೀಮಠದ ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕರು ಬಂದು ನಾಲ್ಕು ಸಂಜೆ ಕುಳಿತು ಓದಿ ವಿವರಿಸಿದರು. ಅದನ್ನೇ ನಿಮಗೆ ಹೇಳುತ್ತಿದ್ದೇವೆ. ಅವರು ಓದುತ್ತಾ 'ಕುರುಡು ಮೀನು' ಎಂದೊಡನೆ ನಮ್ಮೊಳಗಿನ ತಾರ್ಕಿಕ ಎದ್ದು ಕುಳಿತ. ಇಲ್ಲ ಎಂದು ಹೇಳಬೇಕಾದರೆ ಏನು ಇಲ್ಲ ಎಂಬುದನ್ನು ಹೇಳಬೇಕು, ಎಲ್ಲಿ ಇಲ್ಲ ಎಂಬುದನ್ನೂ ಹೇಳಬೇಕು. ಯಾವುದು ಇಲ್ಲವೋ ಅದಕ್ಕೆ ತರ್ಕದವರು ಪ್ರತಿಯೋಗಿ ಎನ್ನುತ್ತಾರೆ. ಇರತಕ್ಕ ಸ್ಥಳದಲ್ಲಿ ಇಲ್ಲದಿದ್ದರೆ ಅದು ಕೊರತೆ. ಗೋಡೆಗೆ ಕಣ್ಣಿಲ್ಲ, ಆದರೆ ಗೋಡೆಯನ್ನು ಯಾರೂ ಕುರುಡು ಎನ್ನುವುದಿಲ್ಲ. ಹಾಗಾದರೆ ಬೆಳಕೆಂಬ ವಿಷಯವೇ ಇಲ್ಲದ ಕಡೆ ಹುಟ್ಟಿ, ಅಲ್ಲಿಯೇ ಉಂಡು, ಅಲ್ಲಿಯೇ ಮರಿ ಮಾಡಿ, ಅಲ್ಲಿಯೇ ಲಯವಾಗುವ ಜೀವಿಗೆ ಕಣ್ಣಿಲ್ಲವೆಂದು ಮರುಗುವುದು ಯಾವ ನ್ಯಾಯ?

ನಾವು ಹೀಗೆ ಕೇಳಿದಾಗ ಆ ಉಪನ್ಯಾಸಕರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಅದು ನಮಗೆ ಸಂತೋಷವಾಯಿತು. ಅವರು ಹೇಳಿದರು: 'ಬುದ್ಧೀ, ಗೋಡೆಗೆ ಎಂದೂ ಕಣ್ಣಿರಲಿಲ್ಲ. ಈ ಮೀನುಗಳ ಪೂರ್ವಿಕರಿಗೆ ಇತ್ತು. ಹೋದದ್ದು ಹೇಗೆ ಎಂಬುದನ್ನು ತಿಳಿಯಬೇಕು.' ಕೇರಳದ ಈ ಮೀನು ವಿರಳವಾದದ್ದು, ಬೇಕೆಂದಾಗ ಕೈಗೆ ಸಿಕ್ಕುವುದಿಲ್ಲ. ಹೀಗಾಗಿ ಕಣ್ಣು ಹೋಗುವ ಬಗೆಯನ್ನು ವಿಜ್ಞಾನಿಗಳು ಹೆಚ್ಚಾಗಿ ಅಭ್ಯಾಸ ಮಾಡಿರುವುದು ಬೇರೊಂದು ಮೀನಿನಲ್ಲಿ. ಅದು ದೂರದ ಮೆಕ್ಸಿಕೋ ದೇಶದ ಗುಹೆಗಳದ್ದು, ಅಸ್ಟಿಯಾನಾಕ್ಸ್ ಎಂದು ಹೆಸರು. ಅದನ್ನು ತೊಟ್ಟಿಯಲ್ಲಿ ಸಾಕಿ ಮರಿ ಮಾಡಿಸಬಹುದು. ಅದೇ ಜಾತಿಯ ಮೀನು ಹೊರಗಿನ ಹೊಳೆಯಲ್ಲಿ ಕಣ್ಣುಳ್ಳದ್ದಾಗಿ ಬೆಳ್ಳಗೆ ಹೊಳೆಯುತ್ತ ಓಡಾಡುತ್ತದೆ, ಗುಹೆಯ ಒಳಗೆ ಕಣ್ಣಿಲ್ಲದೆ ಬದುಕುತ್ತದೆ. ಇಬ್ಬರು ಅಣ್ಣತಮ್ಮಂದಿರು, ಒಬ್ಬ ಊರಿನಲ್ಲಿ, ಒಬ್ಬ ನೆಲಮಾಳಿಗೆಯಲ್ಲಿ ಇದ್ದಂತೆ.

ಆ ಗುಹೆಯ ಮೀನಿನ ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವಾಗ ಮೊದಲು ಕಣ್ಣು ಮೂಡುತ್ತದಂತೆ! ಮೂಡಿ, ಸ್ವಲ್ಪ ಬೆಳೆದು, ಒಳಗಿನ ಮಸೂರವು ಸಾಯುತ್ತದೆ. ಆ ಮೇಲೆ ಕಣ್ಣು ಕುಗ್ಗಿ ಒಳಕ್ಕೆ ಇಳಿದು ಅದರ ಮೇಲೆ ಚರ್ಮ ಕೂಡಿಕೊಳ್ಳುತ್ತದೆ. 2000ನೆಯ ಇಸವಿಯಲ್ಲಿ ಯಮಮೋಟೊ ಮತ್ತು ಜೆಫ್ರಿ ಎಂಬ ಇಬ್ಬರು ವಿಜ್ಞಾನಿಗಳು ಹೊಳೆಯ ಮೀನಿನ ಭ್ರೂಣದಿಂದ ಮಸೂರವನ್ನು ತೆಗೆದು ಗುಹೆಯ ಮೀನಿನ ಭ್ರೂಣದಲ್ಲಿ ಒಂದು ಪಕ್ಕಕ್ಕೆ ಇಟ್ಟರು. ಆ ಪಕ್ಕದಲ್ಲಿ ಕಣ್ಣು ಬೆಳೆಯಿತು! ಇನ್ನೊಂದು ಪಕ್ಕ ಎಂದಿನಂತೆ ಮುಚ್ಚಿಹೋಯಿತು. ಎಂದರೆ ಕಣ್ಣನ್ನು ಕಟ್ಟುವ ಸಾಮಗ್ರಿ ಒಳಗೆ ಇದ್ದೇ ಇದೆ. ಕಟ್ಟು ಎಂದು ಹೇಳುವ ಮೇಸ್ತ್ರಿ ಮಾತ್ರ ಇಲ್ಲ.

ಇದಕ್ಕಿಂತ ಆಶ್ಚರ್ಯದ ಮಾತೊಂದಿದೆ. 2008ರಲ್ಲಿ ಬೊರೊವ್ಸ್ಕಿ ಎಂಬುವರು ಒಂದು ಗುಹೆಯ ಕಣ್ಣಿಲ್ಲದ ಮೀನನ್ನು ದೂರದ ಇನ್ನೊಂದು ಗುಹೆಯ ಕಣ್ಣಿಲ್ಲದ ಮೀನಿನೊಡನೆ ಕೂಡಿಸಿ ಮರಿ ಮಾಡಿಸಿದರು. ಆ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಂಡಿತು! ತಂದೆಗೆ ಕಣ್ಣಿಲ್ಲ, ತಾಯಿಗೆ ಕಣ್ಣಿಲ್ಲ, ಮಗುವಿಗೆ ದೃಷ್ಟಿ ಬಂತು. ಗುಹೆಗಳು ಒಂದಕ್ಕೊಂದು ದೂರವಾದಷ್ಟೂ ಹೀಗಾಗುವುದು ಹೆಚ್ಚು. ಕಾರಣವನ್ನು ಕೇಳಿರಿ. ಒಂದು ಗುಹೆಯ ಮೀನಿನಲ್ಲಿ ಕೆಟ್ಟ ಅಂಶ ಒಂದು, ಇನ್ನೊಂದು ಗುಹೆಯ ಮೀನಿನಲ್ಲಿ ಕೆಟ್ಟ ಅಂಶ ಇನ್ನೊಂದು. ತಾಯಿಯಲ್ಲಿ ಇಲ್ಲದ್ದನ್ನು ತಂದೆ ಕೊಟ್ಟ, ತಂದೆಯಲ್ಲಿ ಇಲ್ಲದ್ದನ್ನು ತಾಯಿ ಕೊಟ್ಟಳು. ಕುರುಡನು ಕುರುಡನ ಕೈ ಹಿಡಿದು ನಡೆದರೆ ಇಬ್ಬರೂ ಹಳ್ಳಕ್ಕೆ ಬೀಳುವರೆಂದು ನಮ್ಮ ಅಂಧಪರಂಪರಾನ್ಯಾಯ ಹೇಳುತ್ತದೆ. ಇಲ್ಲಿ ಆ ನ್ಯಾಯ ತಲೆಕೆಳಗಾಯಿತು. ನ್ಯಾಯಗಳು ದೃಷ್ಟಾಂತಗಳೇ ಹೊರತು ವಿಧಿಗಳಲ್ಲ. ಪ್ರತ್ಯಕ್ಷ ಬೇರೆಯಾಗಿ ಕಂಡಾಗ ಪ್ರತ್ಯಕ್ಷಕ್ಕೇ ಮಣಿಯಬೇಕು.

ಇನ್ನು, ಕಣ್ಣು ಹೋದದ್ದೇಕೆ? ಬಳಸದೆ ಬಿಟ್ಟದ್ದರಿಂದ ಹೋಯಿತೆಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಸಂಗತಿ ಅಷ್ಟು ಸರಳವಲ್ಲ. ಕಣ್ಣು ಬಹಳ ಉಣ್ಣುವ ಅಂಗ. ಈ ಮೆಕ್ಸಿಕೋ ಮೀನಿನ ಮೇಲೆಯೇ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು: ಸುಮ್ಮನಿರುವ ಮೀನಿನ ದೇಹ ವ್ಯಯಿಸುವ ಶಕ್ತಿಯಲ್ಲಿ ದೃಷ್ಟಿಗೆಂದು ಮರಿಮೀನಿನಲ್ಲಿ ನೂರಕ್ಕೆ 15ರಷ್ಟು, ಬೆಳೆದದ್ದರಲ್ಲಿ ನೂರಕ್ಕೆ 5ರಷ್ಟು ಹೋಗುತ್ತದೆ. ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಕಣಗಳಂತೂ ಕತ್ತಲೆಯಲ್ಲಿಯೇ ಹೆಚ್ಚು ಶಕ್ತಿಯನ್ನು ತಿನ್ನುತ್ತವಂತೆ. ಕೆಲಸವಿಲ್ಲದ ದಿನವೇ ಹೆಚ್ಚು ಅನ್ನ ಕೇಳುವ ಆಳು! ಅನ್ನವೇ ಅಪರೂಪವಾದ ಮನೆಯಲ್ಲಿ ಅಂಥ ಆಳನ್ನು ಇಟ್ಟುಕೊಂಡ ಸಂಸಾರ ಬಾಳೀತೆ? ಉಳಿದವರ ಪಾಲು ಹೆಚ್ಚಿತು. ಗುಹೆಯ ಮೀನಿಗೆ ಮೈಯ ಪಕ್ಕದಲ್ಲಿ ನೀರಿನ ಅಲುಗಾಟವನ್ನು ತಿಳಿಯುವ ಬಿಂದುಗಳು ಹೊಳೆಯ ಮೀನಿಗಿಂತ ದೊಡ್ಡವು, ಸಂಖ್ಯೆಯಲ್ಲಿಯೂ ಹೆಚ್ಚು. ಗೋಡೆಗೆ ತಗಲದೆ, ಸಂದಿಗೆ ಸಿಕ್ಕದೆ ಈಜುತ್ತದೆ. ಮಹಾಭಾರತದಲ್ಲಿ ಧೃತರಾಷ್ಟ್ರನನ್ನು ಪ್ರಜ್ಞಾಚಕ್ಷು ಎಂದು ಕರೆದಿದ್ದಾರೆ. ಅದು ಅವನಿಗೆ ಮರ್ಯಾದೆಗೆ ಕೊಟ್ಟ ಹೆಸರು. ಅವನು ಅದಕ್ಕೆ ತಕ್ಕಂತೆ ನಡೆದನೇ ಇಲ್ಲವೇ ಎಂಬುದು ನಿಮಗೆಲ್ಲ ಗೊತ್ತು. ಈ ಮೀನಿಗೆ ಆ ಹೆಸರು ಹೆಚ್ಚು ಒಪ್ಪುತ್ತದೆಂದು ನಮ್ಮ ಅಭಿಪ್ರಾಯ.

ಅನ್ನ ಅಪರೂಪವೆಂದೆವಲ್ಲ, ಆ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕಾಗಿದೆ. ನೆಲದ ಮೇಲೆ ಹುಲ್ಲು ಬಿಸಿಲನ್ನು ಉಂಡು ಬೆಳೆಯುತ್ತದೆ, ಹುಲ್ಲನ್ನು ಹಸು ಮೇಯುತ್ತದೆ. ನೆಲದ ಕೆಳಗೆ ಬಿಸಿಲಿಲ್ಲ, ಹಸುರಿಲ್ಲ. ಅಲ್ಲಿಯ ಜೀವಿಗಳಿಗೆ ಬಹುಮಟ್ಟಿಗೆ ಎಲ್ಲ ಆಹಾರವೂ ಮೇಲಿನಿಂದಲೇ ಇಳಿಯಬೇಕು. ಮಳೆಯ ನೀರಿನ ಜೊತೆ ಕೊಳೆತ ಎಲೆಯ ಕಣ, ಬೇರಿನ ಚೂರು, ಮಣ್ಣಿನ ಸಾರ ಇಳಿದುಹೋಗುತ್ತದೆ. ಅದನ್ನು ಹುಳುಹುಪ್ಪಟೆ ತಿನ್ನುತ್ತವೆ, ಹುಳುಗಳನ್ನು ಮೀನು ತಿನ್ನುತ್ತದೆ. ನಾವು ಮೇಲೆ ಏನನ್ನು ಬಿಡುತ್ತೇವೆಯೋ ಅದೇ ಕೆಳಗಿನವರ ಎಡೆ. ಎಲೆಯ ಸಾರ ಇಳಿಯುವ ದಾರಿಯಲ್ಲಿಯೇ ವಿಷವೂ ಇಳಿಯುತ್ತದೆ. ಆ ದಾರಿಗೆ ಬಾಗಿಲಿಲ್ಲ.

ಕೇರಳದಲ್ಲಿ ಆ ದಾರಿ ಎಂಥದು ಎಂಬುದನ್ನು ಕೇಳಿರಿ. ಅಲ್ಲಿಯ ನೆಲ ಬಹುಭಾಗ ಜಂಬಿಟ್ಟಿಗೆಯ ಕಲ್ಲು, ನಮ್ಮ ಕರಾವಳಿಯವರು ಮುರಕಲ್ಲು, ಕೆಂಪುಕಲ್ಲು ಎನ್ನುವುದು. ನೆಲದೊಳಗಿರುವಾಗ ಮೆತ್ತಗೆ, ಕೊಡಲಿಯಿಂದ ಕಡಿಯಬಹುದು. ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ನೋಡಿ ಬರೆಯಲು ಕಂಪನಿಯವರು ಕಳುಹಿಸಿದರು. ಅವನು ಮಲಬಾರಿನ ಅಂಗಾಡಿಪ್ಪುರದ ಬಳಿ ಈ ಕಲ್ಲನ್ನು ಕಡಿಯುವುದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲಿಯೂ ಅದೇ ಇಟ್ಟಿಗೆ, ಸಂಸ್ಕೃತದ ಇಷ್ಟಕಾ, ಕುಳಿತಿದೆ. ಹೊರಗಿನಿಂದ ಬಂದವನು ಹೊಸ ಹೆಸರಿಟ್ಟನೆಂದು ಜಗತ್ತು ಹೇಳುತ್ತದೆ. ಅವನು ಕಲ್ಲು ಕಡಿಯುವವರ ಮಾತನ್ನು ತನ್ನ ಭಾಷೆಗೆ ತಿರುಗಿಸಿದನೆಂದು ನಾವು ಹೇಳುತ್ತೇವೆ. ಇರಲಿ. ಈ ಕಲ್ಲಿನ ತುಂಬ ರಂಧ್ರಗಳು, ಸಂದುಗಳು. ಮಳೆಗಾಲದ ನೀರೆಲ್ಲ ಅದರಲ್ಲಿ ಇಳಿದು ನಿಲ್ಲುತ್ತದೆ. ಆ ಸಂದುಗಳೇ ಮೀನಿನ ಗುಹೆ. ಗುಹೆ ಎಂಬ ಮಾತು ಬಂದದ್ದು ಗುಹ್ ಧಾತುವಿನಿಂದ, ಮರೆಮಾಡು ಎಂಬ ಅರ್ಥದಲ್ಲಿ. ಮನುಷ್ಯನು ನುಗ್ಗುವಷ್ಟು ದೊಡ್ಡದಾಗಿದ್ದರೆ ಮಾತ್ರ ಗುಹೆಯೆಂದು ಧಾತು ಹೇಳುವುದಿಲ್ಲ.

ಕೇರಳದಲ್ಲಿ ಮನೆಗೊಂದು ಬಾವಿಯೆನ್ನುವಷ್ಟು ಬಾವಿಗಳಿವೆ. ಬಾವಿ ತೋಡಿದವನು ತನಗೆ ತಿಳಿಯದೆಯೇ ಈ ಗುಹೆಗೆ ಒಂದು ಕಿಟಕಿ ಕೊರೆದನು. ವರ್ಷಕ್ಕೊಮ್ಮೆ ಬಾವಿಯ ಕೆಸರು ತೆಗೆಯುವಾಗ, ಮೋಟಾರು ಹಾಕಿ ತೊಟ್ಟಿಗೆ ನೀರೇರಿಸುವಾಗ, ಒಮ್ಮೊಮ್ಮೆ ಒಂದು ಕೆಂಪು ಎಳೆಯಂಥ ಮೀನು ಬಕೆಟ್ಟಿಗೆ ಬರುತ್ತದೆ. ನೋಡಿದವರು ಹುಳುವೆಂದುಕೊಂಡು ಹಿತ್ತಲಿಗೆ ಚೆಲ್ಲುತ್ತಿದ್ದರು. ಎಷ್ಟು ಜನ ಚೆಲ್ಲಿದರೋ ಲೆಕ್ಕವಿಟ್ಟವರಾರು?

ವಿದ್ವಾಂಸರು ಇದನ್ನು ಹುಡುಕುವುದು ಹೇಗೆ? ಕಲ್ಲಿನ ಸಂದಿಗೆ ಬಲೆ ಬೀಸಲಾಗದು. ಹುಡುಕುವ ದಾರಿ ಒಂದೇ: ನೀರು ಸೇದುವ ತಾಯಿಯನ್ನು ಕೇಳುವುದು. ಕೇರಳದ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು ಅದನ್ನೇ ಮಾಡಿದರು. ಊರೂರಿನ ಜನರಿಗೆ ಮೀನಿನ ಗುರುತು ಹೇಳಿದರು, ಕಂಡರೆ ತಿಳಿಸಿರಿ ಎಂದರು. ಆರು ವರ್ಷ ನಡೆಯಿತು ಈ ಕೆಲಸ. ಹೊಸದಾಗಿ 47 ಸ್ಥಳಗಳ ದಾಖಲೆ ಸಿಕ್ಕಿತು. ಸಹ್ಯಾದ್ರಿಯ ಸಾಲು ಪಾಲಕ್ಕಾಡಿನ ಬಳಿ ತುಂಡಾಗಿ ಒಂದು ಕಂಡಿಯಾಗಿದೆಯಲ್ಲ, ಅದರ ದಕ್ಷಿಣದ ಕೇರಳದಲ್ಲಿ ಮಾತ್ರ ಈ ಕುಲವಿದೆ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲ ಎಂದು ತಿಳಿಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಅಚ್ಚು. ಒಳಗಿನ ವಂಶತಂತುವನ್ನು ಪರೀಕ್ಷಿಸಿದರೆ ಬಹಳ ಹಿಂದೆಯೇ ಬೇರೆಬೇರೆಯಾದ ವಂಶಗಳು. ಹೀಗೆ ಗೊತ್ತಾದ ನಾಲ್ಕನೆಯ ಪ್ರಭೇದವನ್ನು 2023ರಲ್ಲಿ ಪ್ರಕಟಿಸಿದರು. ಹೆಸರು ಹೋರಾಗ್ಲಾನಿಸ್ ಪಾಪ್ಯುಲಿ. ಲ್ಯಾಟಿನ್ನಿನಲ್ಲಿ ಪಾಪ್ಯುಲಿ ಎಂದರೆ 'ಜನರ'. ಹುಡುಕಿಕೊಟ್ಟವರು ಜನ, ಆದ್ದರಿಂದ ಮೀನು ಜನರದು. ರಾಜರ ಹೆಸರು, ದಾನಿಗಳ ಹೆಸರು ಇಡುವುದನ್ನು ಕಂಡಿದ್ದೇವೆ. ಬಾವಿಯಿಂದ ನೀರು ಸೇದುವವರ ಹೆಸರಿಟ್ಟದ್ದು ನಮಗೆ ಬಹಳ ಮೆಚ್ಚಿಗೆಯಾಯಿತು.

ಇದರ ನೆರೆಹೊರೆಯ ಇನ್ನೊಂದು ಮೀನಿದೆ, ಕೇರಳದ ಚೆಂಗನ್ನೂರಿನದು, ಹುಳುವಿನಂತೆ ನೀಳವಾದದ್ದು. ಒಬ್ಬ ಗೃಹಸ್ಥರ ಮನೆಯ ಬಚ್ಚಲಿಗೆ ಬಾವಿಯ ನೀರಿನೊಡನೆ ಬಂದಿತು. 2022ರಲ್ಲಿ ಅದಕ್ಕೆ ಪಾಂಜಿಯೊ ಪಾತಾಲ ಎಂದು ಹೆಸರಾಯಿತು. ಪಾತಾಲವೆಂದರೆ ಸಂಸ್ಕೃತದಲ್ಲಿ ಪಾದದ ಕೆಳಗಿನದು ಎಂದು ವಿಜ್ಞಾನಿಗಳು ವಿವರಣೆ ಕೊಟ್ಟಿದ್ದಾರೆ. ನಮ್ಮ ವೈಯಾಕರಣರು ಆ ಪದವನ್ನು ಪತ್ ಧಾತುವಿನಿಂದ, ಬೀಳು ಎಂಬ ಅರ್ಥದಿಂದ, ಸಾಧಿಸುತ್ತಾರೆ. ಈ ವಿಷಯದಲ್ಲಿ ನಾವು ಜಗಳಕ್ಕೆ ಹೋಗುವುದಿಲ್ಲ. ಬೀಳುವ ಸ್ಥಳವೆನ್ನುವುದಕ್ಕಿಂತ ಪಾದದ ಕೆಳಗಿನದೆನ್ನುವುದು ಆ ಮೀನಿಗೆ ಗೌರವ.

ಪಾದದ ಕೆಳಗೆ ಈಗ ನಡೆಯುತ್ತಿರುವುದೇನು? ಜಂಬಿಟ್ಟಿಗೆಯ ಕಲ್ಲನ್ನು ಯಂತ್ರ ಹಾಕಿ ಕೊಯ್ದು ಗುಡ್ಡಗಳನ್ನೇ ತೆಗೆಯುತ್ತಿದ್ದಾರೆ. ಕೊಳವೆಬಾವಿಗಳು ಅಂತರ್ಜಲವನ್ನು ಕೆಳಕೆಳಕ್ಕೆ ಇಳಿಸುತ್ತಿವೆ. ಬಾವಿಯೂ ಪಾಯಖಾನೆಯ ಗುಂಡಿಯೂ ಒಂದೇ ಹಿತ್ತಲಿನಲ್ಲಿ ಇರುವುದರಿಂದ ಬಾವಿಯ ನೀರಿನಲ್ಲಿ ಮಲದ ಕ್ರಿಮಿಗಳು ಕಂಡದ್ದು ಎಷ್ಟೋ ಸಲ ದಾಖಲಾಗಿದೆ. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಬಾವಿಗಳೆಲ್ಲ ಕೆಸರುನೀರಿನಲ್ಲಿ ಮುಳುಗಿದವು. ಇಳಿದ ಮೇಲೆ ಬ್ಲೀಚಿಂಗ್ ಪೌಡರನ್ನು ಎಂದಿಗಿಂತ ಹೆಚ್ಚಾಗಿ ಸುರಿದು ಶುದ್ಧಿಮಾಡಿದರು. ಕ್ಲೋರಿನ್ ಮೀನಿಗೆ ವಿಷ. ಆದರೂ ಹಾಗೆ ಮಾಡಬಾರದಿತ್ತೆಂದು ನಾವು ಹೇಳಲಾರೆವು. ಕಾಲರಾ, ಕಾಮಾಲೆ ಬಂದು ಮಕ್ಕಳು ಸಾಯುವಾಗ ಮೀನಿನ ಮುಖ ನೋಡಿ ಕುಳಿತವನನ್ನು ದಯಾವಂತನೆನ್ನಲಾಗದು. ಸಂಕಟದಲ್ಲಿ ಪುಡಿ ಹಾಕುವುದು ಬೇರೆ. ಸಂಕಟವೇನೂ ಇಲ್ಲದಾಗ, ಖರ್ಚು ಉಳಿಯಲೆಂದು, ಕಣ್ಣಿಗೆ ಕಾಣುವುದಿಲ್ಲವೆಂದು ಕೆಳಕ್ಕೆ ಬಿಡುವುದು ಬೇರೆ.

ಈ ಎರಡನೆಯದರ ಮಾತು ನಮ್ಮ ಊರಿಗೇ ಬಂದಿದೆ. ಸಮುದಾಯ ಭವನಕ್ಕೆ ಕಟ್ಟುತ್ತಿರುವ ಶೌಚಗೃಹದ ನೀರನ್ನು ಎಲ್ಲಿಗೆ ಬಿಡುವುದೆಂದು ಕೇಳಲು ಕಳೆದ ವಾರ ಸಮಿತಿಯ ಹಿರಿಯರು ಬಂದಿದ್ದರು. 'ಬುದ್ಧೀ, ಮಠದ ಹಿಂದಿನ ಹಾಳುಬಾವಿಗೇ ಪೈಪು ಬಿಟ್ಟರೆ ಗುಂಡಿ ತೋಡೋ ಖರ್ಚು ಉಳೀತದೆ. ಆ ನೀರ ಯಾರೂ ಕುಡಿಯಾಕಿಲ್ಲ, ಯಾರ್ಗೂ ಕಾಣಾಕೂ ಇಲ್ಲ' ಎಂದರು. ಅವರ ಮನಸ್ಸಿನಲ್ಲಿ ಕಪಟವಿಲ್ಲ. ಹಣ ಕಡಿಮೆ ಬಿದ್ದಿದೆ, ಅದು ನಿಜ. ಅಂದು ಆಲೋಚಿಸಿ ಹೇಳುತ್ತೇವೆಂದು ಕಳುಹಿಸಿದೆವು. ಉತ್ತರವನ್ನು ಈ ದಿನ ಎಲ್ಲರ ಎದುರಿನಲ್ಲಿ ಹೇಳುತ್ತೇವೆ.

ನಮ್ಮ ಸೀಮೆಯದು ಜಂಬಿಟ್ಟಿಗೆಯಲ್ಲ, ಕರಿಗಲ್ಲು. ನಾವು ಹೇಳಿದ ಮೀನು ಆ ಬಾವಿಯಲ್ಲಿ ಇರುವುದಿಲ್ಲ; ಹುಡುಗರು ನಾಳೆ ಬಕೆಟ್ಟು ಹಿಡಿದು ಹುಡುಕಲು ಹೋಗಬೇಡಿರಿ. ಆದರೆ ಕರಿಗಲ್ಲಿನಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಮಣ್ಣಿನಲ್ಲಿ ಸೋಸಿಹೋಗುವಂತೆ ಬಿರುಕಿನಲ್ಲಿ ಸೋಸಿಹೋಗುವುದಿಲ್ಲ. ಬಿಟ್ಟದ್ದು ಬಿಟ್ಟಂತೆಯೇ ದೂರ ಹೋಗಬಹುದು. ಕೆಳಗಿನ ಕೇರಿಯ ಕೊಳವೆಬಾವಿ ಆ ಹಾಳುಬಾವಿಯಿಂದ ಇನ್ನೂರು ಮಾರು ದೂರದಲ್ಲಿ, ಅದೂ ಇಳಿಜಾರಿನಲ್ಲಿದೆ. ಅಂಗನವಾಡಿಯ ಮಕ್ಕಳು ಕುಡಿಯುವುದು ಆ ನೀರು. ಮೇಲಿನ ಕೇರಿಯ ನೀರು, ಕೆಳಗಿನ ಕೇರಿಯ ನೀರು ಎಂಬ ಗಡಿಯನ್ನು ಕಲ್ಲಿನ ಬಿರುಕು ಓದಿಕೊಂಡಿಲ್ಲ. ಹಾಳುಬಾವಿ ಎಂದು ನೀವು ಕರೆದದ್ದು ಮೇಲಿನ ಕಸವನ್ನು ನೋಡಿ. ಕೆಳಗಿನ ನೀರು ಹಾಳಾಗಿದೆಯೇ ಎಂದು ಇಳಿದು ನೋಡಿದವರು ಯಾರೂ ಇಲ್ಲ.

ಆದ್ದರಿಂದ ಆ ಬಾವಿಗೆ ಪೈಪು ಬಿಡತಕ್ಕದ್ದಲ್ಲ. ಭವನದ ಪೂರ್ವಕ್ಕೆ ಮಠದ ಹುಣಸೆಯ ತೋಪಿನ ಅಂಚಿನಲ್ಲಿ ಜಾಗ ಕೊಡುತ್ತೇವೆ. ಅದು ಬಾವಿಗೂ ಕೊಳವೆಬಾವಿಗೂ ದೂರ. ಅಲ್ಲಿ ಎಂಜಿನಿಯರು ಹೇಳಿದಂತೆ ಸರಿಯಾದ ಗುಂಡಿ ಕಟ್ಟಿಸಿರಿ. ಹಣದ ಮಾತಿಗೆ, ಈ ಸಲದ ರಥೋತ್ಸವದಲ್ಲಿ ಬೀದಿಯ ಎರಡು ಪಕ್ಕದ ವಿದ್ಯುದ್ದೀಪದ ಅಲಂಕಾರವನ್ನು ಬಿಡಿರಿ. ಮಹಾದ್ವಾರಕ್ಕೆ ಒಂದು ಸಾಲು ದೀಪ ಸಾಕು. ಉಳಿದ ಹಣ ಗುಂಡಿಗೆ ಸಾಲದಿದ್ದರೆ ನಮ್ಮ ಪಾದಪೂಜೆಯ ಕಾಣಿಕೆಯಿಂದ ತೆಗೆದುಕೊಳ್ಳಿರಿ.

ಬರುವ ಸೋಮವಾರದಿಂದ ಬಾವಿಯ ಕಸ ತೆಗೆಯುವ ಕೆಲಸ ಆರಂಭವಾಗುತ್ತದೆ. ಮನೆಗೊಬ್ಬರು ಬರಬೇಕು, ಬರುವವರು ಬುಟ್ಟಿ, ಹಗ್ಗ, ಗುದ್ದಲಿ ತನ್ನಿರಿ. ಬಹಳ ಕಾಲ ಮುಚ್ಚಿದ್ದ ಬಾವಿ, ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಅಗ್ನಿಶಾಮಕದವರನ್ನು ಕೇಳಿದ್ದೇವೆ, ಅವರು ಬಂದು ಗಾಳಿ ಹಾಯಿಸಿ ಪರೀಕ್ಷೆ ಮಾಡುವವರೆಗೆ, ಎಷ್ಟೇ ಅನುಭವಸ್ಥನಾಗಿರಲಿ, ಒಬ್ಬನೂ ಕಾಲಿಡಕೂಡದು. ಆ ಮೇಲೂ ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಯಕೂಡದು. ಕಸವೆಲ್ಲ ಹೋಗಿ ಹೊಸ ನೀರು ಊರಿದ ಮೇಲೆ ಒಂದು ಸೀಸೆ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಸೀಸೆಯನ್ನು ತುಂಬಿಸುವುದು ಅಂಗನವಾಡಿಯ ತಾಯಿಯ ಕೈಯಿಂದ ಆಗಲಿ.